ಮೊಳೆಗೆ ತೂಗುತ್ತಿದ್ದ ಪಾಯಿಂಟ್ ಪುಸ್ತಕ

ಟಣ್, ಟಣ್. ಸ್ವಲ್ಪ ಬಿಡುವು. ಆಮೇಲೆ ಇನ್ನೊಂದು ಟಣ್.

ಮೊದಲಿನ ಎರಡು ಲಾಠಿ ಏಟು ನಮ್ಮ ಮನೆಯೆದುರಿನ ಕಬ್ಬಿಣದ ಲೈಟು ಕಂಬದ ಮೇಲೆ, ಮೂರನೆಯದು ನಮ್ಮ ಗೇಟಿನ ಮೇಲೆ. ದಫೇದಾರ್ ವೆಂಕಟರಾಯಪ್ಪನವರು ಸಂಜೆಯ ಬೀಟಿಗೆ ಬಂದಿದ್ದಾರೆ, ಕಾಫಿಗೆ ಹಾಲಿಡಬಹುದು ಎಂದು ಅದರ ಅರ್ಥ. ಮುಳಬಾಗಿಲಿನ ನಮ್ಮ ಬೀದಿಯಲ್ಲಿ ಆ ಸದ್ದು ನಿಂತು ಹತ್ತು ವರ್ಷವಾದರೂ ಆಗಿರಬೇಕು. ಕಳೆದ ವಾರ ಅದು ನನ್ನ ಕಿವಿಗೆ ಮತ್ತೆ ಬಿತ್ತು. ಬೀಳಿಸಿದ್ದು ಒಂದು ಮೊಬೈಲ್ ಫೋನು.

ಸ್ಕೂಟರಿನಲ್ಲಿ ಬಂದ ಪೊಲೀಸ್ ಹುಡುಗಿಯೊಬ್ಬಳು ನಮ್ಮ ಗೇಟಿನ ಕಂಬಕ್ಕೆ ಅಂಗೈಯಗಲದ ಚೌಕ ಸ್ಟಿಕ್ಕರ್ ಒಂದನ್ನು ಅಂಟಿಸಿ, ಅದಕ್ಕೆ ಫೋನು ಹಿಡಿದಳು. ಫೋನು 'ಟುಂಯ್' ಎಂದಿತು. ಇದೇನಮ್ಮಾ ಎಂದು ಕೇಳಿದೆ.

"ಕ್ಯೂಆರ್ ಕೋಡ್, ಅಜ್ಜಿ. ಬೀಟಿಗೆ ಬಂದೋರು ಇದನ್ನ ಸ್ಕ್ಯಾನ್ ಮಾಡ್ಬೇಕು. ಬಂದಿದ್ದು, ಹೋಗಿದ್ದು ಎಲ್ಲಾ ಆಫೀಸಲ್ಲಿ ಗೊತ್ತಾಗತ್ತೆ. ಸುಳ್ಳು ಹೇಳೋ ಚಾನ್ಸೇ ಇಲ್ಲ."

ಆ ಮಾತನ್ನು ಅವಳು ಈ ಊರಿನಲ್ಲಿ ಬೇರೆ ಯಾರಿಗೆ ಹೇಳಿದ್ದರೂ ನಡೆಯುತ್ತಿತ್ತು. ಸ್ಟಿಕ್ಕರ್ ಅಂಟಿಸಿದ ಜಾಗದಿಂದ ನಾಲ್ಕು ಬೆರಳು ಮೇಲೆ ಒಂದು ತುಕ್ಕು ಹಿಡಿದ ಮೊಳೆ ಇದೆ. ಈ ಕಥೆಯೆಲ್ಲ ಆ ಮೊಳೆಯದೇ.

ಆ ಕಾಲದಲ್ಲಿ ಪೊಲೀಸಿನವರು ಊರಿನ ಕೆಲವು ನಂಬಿಕಸ್ತರ ಮನೆ, ಅಂಗಡಿಗಳಲ್ಲಿ ಒಂದೊಂದು ಉದ್ದನೆಯ ಪುಸ್ತಕವನ್ನು ದಾರ ಕಟ್ಟಿ ತೂಗುಹಾಕುತ್ತಿದ್ದರು. ಅದಕ್ಕೆ ಪಾಯಿಂಟ್ ಪುಸ್ತಕ ಎಂದು ಹೆಸರು. ಬೀಟಿನವರು ಅಲ್ಲಿಗೆ ಬಂದು, ತಾರೀಕು, ವೇಳೆ ಬರೆದು ಸಹಿ ಹಾಕಬೇಕು. ಕೊನೆಯಲ್ಲಿ 'ವಿಶೇಷ' ಎಂಬ ಒಂದು ಕಾಲಂ. ಕಳ್ಳತನವೋ ಗಲಾಟೆಯೋ ಕಂಡಿದ್ದರೆ ಅಲ್ಲಿ ಬರೆಯಬೇಕು. ನಾನು ರಿಟೈರ್ಡ್ ಹೆಡ್‌ಮಿಸ್ಟ್ರೆಸ್ ಎಂಬ ಕಾರಣಕ್ಕೆ ನಮ್ಮ ಬೀದಿಯ ಪುಸ್ತಕ ನಮ್ಮ ಗೇಟಿಗೆ ಬಂತು. ನಂಬಿಕಸ್ತೆ ಎಂದು ಸರ್ಕಾರವೇ ಒಪ್ಪಿದ ಮೇಲೆ ನನ್ನ ನಡಿಗೆಯೂ ಸ್ವಲ್ಪ ಬದಲಾಗಿತ್ತು ಎಂದು ಎದುರು ಮನೆಯ ಸುಶೀಲಮ್ಮ ಹೇಳುತ್ತಿದ್ದಳು.

ವೆಂಕಟರಾಯಪ್ಪನವರಿಗೆ ಆಗ ನಿವೃತ್ತಿಗೆ ಕೆಲವೇ ತಿಂಗಳು. ಆವನಿಯ ಕಡೆಯವರು. ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ, ಮುಕ್ಕಾಲು ಪಾಲು ನಿಟ್ಟುಸಿರಿನಲ್ಲಿ ಮಾತಾಡುವ ಮನುಷ್ಯ. ಎಡ ಮಂಡಿ ಮಡಚುತ್ತಿರಲಿಲ್ಲ. ಅವರಿಗೆ ಜಂಭ ಎಂಬುದೇನಾದರೂ ಇದ್ದರೆ ಅದು ಒಂದೇ: ಮೂವತ್ತು ವರ್ಷದ ಸರ್ವಿಸ್ ಪುಸ್ತಕದಲ್ಲಿ ಒಂದು ಕೆಂಪು ಗೆರೆಯೂ ಇಲ್ಲ. ಕಾಫಿ ಲೋಟ ಹಿಡಿದಾಗಲೆಲ್ಲ ಈ ಮಾತು ಬರುತ್ತಿತ್ತು. ನನ್ನ ಜಂಭ ನನ್ನ ಹ್ಯಾಂಡ್‌ರೈಟಿಂಗು. ಚಿನ್ನದ ಗಣಿಯ ಊರಿನ ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ನಾಲ್ಕು ಗೆರೆಯ ಕಾಪಿ ಪುಸ್ತಕದಲ್ಲಿ, ಬೆರಳ ಗೆಣ್ಣಿಗೆ ಸ್ಕೇಲಿನ ಏಟು ಕೊಟ್ಟು ತಿದ್ದಿಸಿದ ಅಕ್ಷರ ಅದು. ಏಳು ಬರೆದರೆ ಅದರ ಸೊಂಟಕ್ಕೆ ಒಂದು ಅಡ್ಡಗೆರೆ ಎಳೆಯಬೇಕು, ಇಲ್ಲದಿದ್ದರೆ ಓದುವವರು ಒಂದು ಎಂದುಕೊಳ್ಳುತ್ತಾರೆ ಎಂದು ಆಕೆ ಹೇಳಿದ್ದನ್ನು ನಾನು ಇವತ್ತಿಗೂ ಬಿಟ್ಟಿಲ್ಲ.

ಈ ಎರಡು ಜಂಭಗಳು ಸೇರಿ ಏನಾಯಿತು ಕೇಳಿ. ದಫೇದಾರರು ದಿನಾ ಕನ್ನಡಕ ಮರೆತು ಬರುತ್ತಿದ್ದರು. ಅವರ ಅಕ್ಷರವೋ, ಇರುವೆ ಶಾಯಿ ಕುಡಿದು ನಡೆದ ಹಾಗೆ. ನೋಡಲಾರದೆ ಒಂದು ದಿನ ನಾನೇ ಪೆನ್ನು ತೆಗೆದುಕೊಂಡು ವೇಳೆ ತುಂಬಿದೆ. ಸ್ಟೇಷನ್ನಿನವರು ಗೊತ್ತುಮಾಡಿದ ವೇಳೆ ಏಳೂ ಹತ್ತು, ಹಾಗಾಗಿ ಏಳೂ ಹತ್ತು. 'ವಿಶೇಷ'ದ ಕೆಳಗೆ 'ವಿಶೇಷವೇನೂ ಇಲ್ಲ' ಎಂದು ದುಂಡಗೆ ಬರೆದೆ. ಪುಟ ಎಷ್ಟು ಚೆನ್ನಾಗಿ ಕಂಡಿತೆಂದರೆ ಮಾರನೆಯ ದಿನವೂ ಬರೆದೆ. ಆಮೇಲೆ ಅವರ ಮಂಡಿ ನೋವು ಹೆಚ್ಚಿದಾಗ, ದಿನಾ ಯಾಕೆ ಇಷ್ಟು ದೂರ ಬರಬೇಕು, ಸೋಮವಾರವೇ ವಾರದ ಸಹಿ ಹಾಕಿಬಿಡಿ, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಎಂದೆ. ಎಫಿಶಿಯೆನ್ಸಿ ಎಂಬ ಪದ ನನಗೆ ಚಿಕ್ಕಂದಿನಿಂದಲೂ ಇಷ್ಟ. ಅವರು ಮೊದಲು ಬೇಡವೆಂದರು. ಎರಡನೇ ಲೋಟ ಕಾಫಿಗೆ ಒಪ್ಪಿದರು.

ಇದರ ನಡುವೆ ನಾನು ಪುರಸಭೆಯ ಸದಸ್ಯೆಯಾದೆ. ನಮ್ಮ ವಾರ್ಡು ಮಹಿಳೆಯರಿಗೆ ಮೀಸಲಾಗಿ, ಎರಡು ಪಂಗಡದವರೂ ಜಗಳವಾಡಿ ಸುಸ್ತಾಗಿ, ಯಾರಿಗೂ ಬೇಡವಾದ ನನ್ನನ್ನು ನಿಲ್ಲಿಸಿದರು. ನನ್ನ ಗುರುತು ಹೊಲಿಗೆ ಮೆಷಿನ್ನು. ಸೂಜಿಗೆ ದಾರ ಪೋಣಿಸಲು ಬಾರದವಳು ಹೊಲಿಗೆ ಮೆಷಿನ್ನಿನ ಮೇಲೆ ಗೆದ್ದೆ.

ಒಂದು ಹದಿಮೂರನೇ ತಾರೀಕಿನ ಸಂಜೆ, ಡೈರಿಗೆ ಹಾಲು ಹಾಕಿ ಬರುತ್ತಿದ್ದ ಸುಶೀಲಮ್ಮನ ಕೊರಳಿನ ಸರವನ್ನು ಬೀದಿಯ ಕತ್ತಲೆ ತಿರುವಿನಲ್ಲಿ ಬೈಕಿನವರು ಕಿತ್ತುಕೊಂಡು ಹೋದರು. ಅಲ್ಲಿನ ದೀಪ ಕೆಟ್ಟು ಎಷ್ಟೋ ತಿಂಗಳಾಗಿತ್ತು. ಅದೇ ಸಮಯಕ್ಕೆ ಸ್ಟೇಷನ್ನಿನಿಂದ ಪುರಸಭೆಗೆ ಒಂದು ಪತ್ರ ಬಂತು: ಸರ್ಕಲ್ಲುಗಳಲ್ಲಿ ಕ್ಯಾಮೆರಾ ಹಾಕಬೇಕು, ಖರ್ಚನ್ನು ಪುರಸಭೆ ಕೊಡಬೇಕು. ಸಭೆಯಲ್ಲಿ ನಾನು ಎದ್ದು ನಿಂತೆ. ಕ್ಯಾಮೆರಾ ಆಮೇಲೆ, ಇರುವ ಬೀಟೇ ನಡೆಯುತ್ತಿದೆಯೋ ಇಲ್ಲವೋ ಮೊದಲು ತೋರಿಸಿ ಎಂದೆ. ಪೊಲೀಸರು ಪುರಸಭೆಯ ಕೈಕೆಳಗೆ ಬರುವುದಿಲ್ಲ, ನಾವು ಲೆಕ್ಕ ಕೇಳುವ ಹಾಗಿಲ್ಲ ಎಂದು ಮುಖ್ಯಾಧಿಕಾರಿಗಳು ಮೆಲ್ಲಗೆ ಹೇಳಿದರು. ದುಡ್ಡು ಕೇಳುವಾಗ ನಾವು ಬೇಕು, ಪ್ರಶ್ನೆ ಕೇಳುವಾಗ ಬೇಡವೇ ಎಂದೆ. ಅಕೌಂಟಬಿಲಿಟಿ ಎಂದೆ. ಟ್ರಾನ್ಸ್‌ಪರೆನ್ಸಿ ಎಂದೆ. ಮಲಗಿದ್ದ ಇಬ್ಬರು ಸದಸ್ಯರು ಎದ್ದು ಕೂತರು. ಆ ಹುಮ್ಮಸ್ಸಿನಲ್ಲಿ, ಊರಿನ ಪಾಯಿಂಟ್ ಪುಸ್ತಕಗಳನ್ನೆಲ್ಲ ಈ ಮೇಜಿನ ಮೇಲೆ ತಂದಿಡಿ ಎಂದುಬಿಟ್ಟೆ. ಜನ ಮೇಜು ಕುಟ್ಟಿದರು. ಹೊಸದಾಗಿ ಬಂದಿದ್ದ ಇನ್‌ಸ್ಪೆಕ್ಟರು, ಸಣ್ಣ ವಯಸ್ಸಿನವರು, ಒಂಚೂರೂ ಬೇಜಾರಾಗದೆ, "ಆಗ್ಲಿ ಮೇಡಂ, ನಾಳೇನೇ ತರಿಸ್ತೀನಿ, ಇದ್ದ ಹಾಗೇ" ಎಂದರು. ಸಭೆಯನ್ನು ನಾಳೆಗೆ ಮುಂದೂಡಿದರು.

ಗೆದ್ದ ಸೇನಾಪತಿಯ ಹಾಗೆ ಮನೆಗೆ ಬಂದು ಗೇಟು ತೆರೆದೆ. ಮೊಳೆಯಲ್ಲಿ ಪುಸ್ತಕ ತೂಗುತ್ತಿತ್ತು.

ನೀವು ನಗುತ್ತಿದ್ದೀರಿ, ನಗಿ. ಆವತ್ತು ಬುಧವಾರ. ಪುಸ್ತಕದಲ್ಲಿ ಬರುವ ಭಾನುವಾರದ ತನಕ ಸಹಿ ಬಿದ್ದಿತ್ತು, ನನ್ನ ಅಕ್ಷರ ಭಾನುವಾರದ ತನಕ ಮುತ್ತು ಪೋಣಿಸಿತ್ತು. ಹಿಂದಿನ ಪುಟ ತಿರುಗಿಸಿದೆ. ಹದಿಮೂರನೇ ತಾರೀಕು, ಏಳೂ ಹತ್ತು. ಸುಶೀಲಮ್ಮ ತಿರುವಿನಲ್ಲಿ ಬಿದ್ದು ಕೂಗಿಕೊಂಡ ಹೊತ್ತು ಅದು. ಎದುರಿಗೆ, ದುಂಡಗೆ: ವಿಶೇಷವೇನೂ ಇಲ್ಲ.

ಸಂಜೆ ಟಣ್ ಟಣ್ ಆಯಿತು. ದಫೇದಾರರು ಸುದ್ದಿ ಕೇಳಿಯೇ ಬಂದಿದ್ದರು, ಆದರೂ ಎಂದಿನಂತೆ ಮೆಟ್ಟಿಲ ಮೇಲೆ ಕೂತು ಮಂಡಿ ನೀವಿಕೊಂಡರು. ನಾನು ಡಿಕಾಕ್ಷನ್ ಪಾತ್ರೆಯನ್ನೇ ತಂದು ಪುಸ್ತಕದ ಪಕ್ಕ ಇಟ್ಟೆ.

"ಕೈ ತಪ್ಪಿ ಚೆಲ್ಲಿಹೋಯ್ತು ಅಂತ ಹೇಳ್ತೀನಿ" ಎಂದೆ.

"ಬ್ಯಾಡಮ್ಮಾ," ಎಂದರು. "ಕಾಫಿ ಯಾಕೆ ಚೆಲ್ತು ಅಂತ ಅದಕ್ಕಿನ್ನೊಂದು ಎನ್‌ಕ್ವೈರಿ ಆಯ್ತದೆ."

"ಹಸು ತಿಂತು ಅಂತೀನಿ."

"ನಿಮ್ಮನೇಲಿ ಹಸು ಎಲ್ಲೈತೆ?"

"ಸುಶೀಲಮ್ಮನದು ಇದೆಯಲ್ಲ."

ಅವರು ನಕ್ಕರು. ಆಮೇಲೆ ನಗು ನಿಂತಿತು. "ಸರ ಹೋಗಿದ್ದು ಆ ಯಮ್ಮಂದು. ಈಗ ಅವಳ ಹಸೂನೂ ಕಳ್ಳಿ ಮಾಡೋಣವಾ? ಸರ್ಲೆಮ್ಮಾ, ಆಗ್ಲಿ, ಕೊಟ್ಬಿಡಿ. ಕೇಳಿದ್ದು ನೀವು, ನ್ಯಾಯವಾಗೇ ಕೇಳಿದ್ರಿ. ನಿಮ್ಮ ಹೆಸರು ನಾನು ಎತ್ತಲ್ಲ."

ಆವತ್ತು ಅವರು ಸರ್ವಿಸ್ ಪುಸ್ತಕದ ಮಾತೆತ್ತಲಿಲ್ಲ. ಕಾಫಿಯನ್ನು ಅರ್ಧಕ್ಕೆ ಬಿಟ್ಟು ಹೋದರು. ಆ ಲೋಟ ತೊಳೆಯುವಾಗ, ನಾಳೆ ಸಭೆಗೆ ಜ್ವರ ಎಂದು ಹೇಳಿಕಳಿಸಿದರೆ ಹೇಗೆ ಎಂದು ನಾನು ಗಂಭೀರವಾಗಿ ಯೋಚಿಸಿದ್ದು ನಿಜ.

ಮಾರನೆಯ ದಿನ ಮೇಜಿನ ಮೇಲೆ ನಾಲ್ಕು ಪುಸ್ತಕಗಳು. ಇನ್‌ಸ್ಪೆಕ್ಟರು ನಾಲ್ಕನ್ನೂ ಪಕ್ಕಪಕ್ಕದಲ್ಲಿ ಬಿಡಿಸಿಟ್ಟು, ಹದಿಮೂರನೇ ತಾರೀಕನ್ನು ಹಾಜರಿ ಕೂಗಿದ ಹಾಗೆ ಓದಿದರು.

"ಏಳೂ ಹತ್ತು, ಟೀಚರಮ್ಮನವರ ಮನೆ. ವಿಶೇಷವೇನೂ ಇಲ್ಲ. ಏಳೂ ಹತ್ತು, ಹಾಲಿನ ಡೈರಿ. ವಿಶೇಷವೇನೂ ಇಲ್ಲ. ಏಳೂ ಹತ್ತು, ಗೊಬ್ಬರದ ಅಂಗಡಿ. ಏಳೂ ಹತ್ತು, ಔಷಧಿ ಅಂಗಡಿ." ತಲೆಯೆತ್ತಿದರು. "ನನ್ನ ಹತ್ರ ನಾಲ್ಕು ಜನ ವೆಂಕಟರಾಯಪ್ಪ ಇದಾರೆ ಅಂತ ನಂಗೇ ಗೊತ್ತಿರ್ಲಿಲ್ಲ."

ಸಭೆ ನಕ್ಕಿತು. ನಾನೂ ನಕ್ಕೆ, ಸ್ವಲ್ಪ ಜೋರಾಗಿಯೇ. ಎಲ್ಲ ಕಡೆಯೂ ಕನ್ನಡಕ ಮರೆತಿದ್ದರು ಮಹಾನುಭಾವರು, ಎಲ್ಲ ಕಡೆಯೂ ನನ್ನಂಥ ನಂಬಿಕಸ್ತರೇ ಬರೆದಿದ್ದರು. ಡೈರಿಯವರೂ ಔಷಧಿ ಅಂಗಡಿಯವರೂ ಸಭೆ ನೋಡಲು ಬಂದು ಹಿಂದೆ ಕೂತಿದ್ದರು. ಗೊಬ್ಬರದ ಅಂಗಡಿಯ ಯಜಮಾನರು ನನ್ನ ಹಾಗೇ ಸದಸ್ಯರು. ಅವರು ಫ್ಯಾನು ನೋಡುತ್ತಿದ್ದರು.

ಇನ್‌ಸ್ಪೆಕ್ಟರು ನನ್ನ ಪುಸ್ತಕದ ಇನ್ನೊಂದು ಪುಟ ತಿರುಗಿಸಿದರು. "ಬರೋ ಭಾನುವಾರಾನೂ ವಿಶೇಷವೇನೂ ಇಲ್ಲವಂತೆ. ಒಳ್ಳೇ ಸುದ್ದಿ."

ಈ ಸಲ ನಗು ಬೇರೆಯಾಗಿತ್ತು. ಬಾಗಿಲ ಬಳಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ ದಫೇದಾರರು ನೆಲ ನೋಡುತ್ತಿದ್ದರು. ಇನ್‌ಸ್ಪೆಕ್ಟರ ಬೆರಳು ನನ್ನ ಏಳರ ಮೇಲೆ, ಅದರ ಸೊಂಟದ ಗೆರೆಯ ಮೇಲೆ ನಿಂತಿತ್ತು. ಪಕ್ಕದಲ್ಲೇ ನಾನು ಸಭೆಗೆ ಬರೆದುಕೊಟ್ಟಿದ್ದ ಪ್ರಶ್ನೆಯ ಹಾಳೆ, ಅದರಲ್ಲೂ ಎರಡು ಏಳು. ಅವರು ನನ್ನ ಕಡೆ ನೋಡಲಿಲ್ಲ. ನೋಡದೆ ಇದ್ದದ್ದು ದಾಕ್ಷಿಣ್ಯಕ್ಕೋ ಪರೀಕ್ಷೆಗೋ ಇವತ್ತಿಗೂ ಗೊತ್ತಿಲ್ಲ. ಸುಮ್ಮನಿದ್ದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

"ಆ ಏಳು ನನ್ನದು" ಎಂದೆ.

ಎದ್ದು ನಿಂತಿದ್ದೆ ಎಂದು ಆಮೇಲೆ ತಿಳಿಯಿತು. ಸಹಿ ಅವರದು, ಉಳಿದದ್ದೆಲ್ಲ ನನ್ನದು, ವಾರದ ಸಹಿ ಒಟ್ಟಿಗೆ ಹಾಕಿಸಿದ್ದೂ ನಾನೇ ಎಂದೆ. ನಿನ್ನೆಯ ಇಂಗ್ಲಿಷ್ ಪದಗಳು ಒಂದೂ ನೆರವಿಗೆ ಬರಲಿಲ್ಲ. ನನ್ನನ್ನು ನೋಡಿ ಇನ್ನೂ ಮೂವರು ಏಳುತ್ತಾರೆ ಎಂದು ಕಾದೆ. ಯಾರೂ ಏಳಲಿಲ್ಲ. ಫ್ಯಾನು ತಿರುಗುತ್ತಿತ್ತು.

ಇನ್‌ಸ್ಪೆಕ್ಟರು ಬರೆದುಕೊಡಿ ಎಂದರು. ಬರೆದುಕೊಟ್ಟೆ, ಫುಲ್‌ಸ್ಕೇಪ್ ಹಾಳೆಯಲ್ಲಿ ಎರಡು ಪುಟ, ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಬರೆಯಿರಿ ಎಂದು ವಾಪಸ್ ಕಳಿಸಿದರು. ಕನ್ನಡದಲ್ಲಿ ಅದು ನಾಲ್ಕೇ ಸಾಲಾಯಿತು. ಊರಿಗೆಲ್ಲ ಸಂಜೆಯ ಬೀಟಿಗೆ ಇರುವುದು ಒಬ್ಬರೇ, ಅವರಿಗೆ ಮಡಚುವ ಮಂಡಿಯೂ ಒಂದೇ ಎಂದು ಇನ್‌ಸ್ಪೆಕ್ಟರು ಸಭೆಗೆ ತಿಳಿಸಿದರು. ಕ್ಯಾಮೆರಾಕ್ಕೂ ಕಾಣಬೇಕಾದರೆ ಬೆಳಕು ಬೇಕಲ್ಲ ಎಂದು ಅವರೇ ಹೇಳಿದ್ದರಿಂದ, ಆ ದುಡ್ಡಿನಲ್ಲಿ ಅರ್ಧ ಬೀದಿ ದೀಪಕ್ಕೆ ಹೋಯಿತು. ಮೂರು ತಿಂಗಳಿಗೊಮ್ಮೆ ಅವರು ಬಂದು ಸಭೆಗೆ ಉತ್ತರ ಹೇಳಬೇಕೆಂದೂ ತೀರ್ಮಾನವಾಯಿತು. ಎರಡು ಸಲ ಬಂದರು, ಮೂರನೆಯ ಸಲಕ್ಕೆ ವರ್ಗವಾಯಿತು. ಕ್ಯಾಮೆರಾಗಳಲ್ಲಿ ಒಂದು ಈಗಲೂ ಯಾರದೋ ಹುಟ್ಟುಹಬ್ಬದ ಫ್ಲೆಕ್ಸನ್ನು ಕಾಯುತ್ತಿದೆ. ತಿರುವಿನ ದೀಪ ಮಾತ್ರ ಉರಿಯುತ್ತಿದೆ, ಮಟಮಟ ಮಧ್ಯಾಹ್ನವೂ.

ಸುಶೀಲಮ್ಮನ ಸರ ಸಿಗಲಿಲ್ಲ. ನನ್ನ ಮೇಲೆ ಅವಳು ಕೂಗಾಡಲಿಲ್ಲ, ಅದಕ್ಕಿಂತ ಕೆಟ್ಟದ್ದು ಮಾಡಿದಳು. ಹಾಲು ಉಕ್ಕಿದರೆ, ಬೆಕ್ಕು ಮರಿ ಹಾಕಿದರೆ, ಬೀಗರ ಮನೆಯಲ್ಲಿ ಜಗಳವಾದರೆ, ಬೀದಿಗೆಲ್ಲ ಕೇಳುವ ಹಾಗೆ, "ಬರ್ಕೊಳ್ಳಿ ಟೀಚರಮ್ಮಾ, ವಿಶೇಷವೇನೂ ಇಲ್ಲ" ಎಂದು ಕೂಗುತ್ತಿದ್ದಳು. ಒಂದು ವರ್ಷ ಕೂಗಿದಳು. ನಿಂತಾಗ ನನಗೇ ಏನೋ ಕಳೆದುಕೊಂಡ ಹಾಗಾಯಿತು.

ವೆಂಕಟರಾಯಪ್ಪನವರ ಸರ್ವಿಸ್ ಪುಸ್ತಕಕ್ಕೆ ಕೆಂಪು ಗೆರೆ ಬಿತ್ತು. ನನ್ನ ನಾಲ್ಕು ಸಾಲು ಅದನ್ನು ತಡೆಯಲಿಲ್ಲ, ಶಿಕ್ಷೆಯನ್ನು ಎಚ್ಚರಿಕೆಯ ಮಟ್ಟಕ್ಕೆ ಇಳಿಸಿತು, ಅಷ್ಟೇ. ಉಳಿದ ತಿಂಗಳುಗಳಲ್ಲಿ ಅವರು ದಿನಾ ಬಂದರು. ಟಣ್, ಟಣ್, ಟಣ್. ಕನ್ನಡಕ ಜೇಬಿನಲ್ಲೇ ಇತ್ತು, ಮೊದಲಿನಿಂದಲೂ ಇದ್ದಿರಬೇಕು. ಏಳೂ ಹದಿನಾರು, ಏಳೂ ನಾಲ್ಕು, ಒಂದು ದಿನ ಎಂಟೂ ಇಪ್ಪತ್ತು, ಇರುವೆ ನಡೆದ ಅಕ್ಷರದಲ್ಲಿ ಅವರೇ ಬರೆದರು. ನಾನು ಕಾಫಿ ಎಂದರೆ, "ಡ್ಯೂಟಿ ಮೇಲಿದೀನಮ್ಮಾ" ಎಂದು ಕೈಮುಗಿದು ಹೋಗುತ್ತಿದ್ದರು. ಬೈದಿದ್ದರೆ ವಾಸಿಯಿತ್ತು.

ನಿನ್ನೆ ಆ ಪೊಲೀಸ್ ಹುಡುಗಿ ಮತ್ತೆ ಬಂದಿದ್ದಳು. ಸ್ಟಿಕ್ಕರಿಗೆ ಫೋನು ಹಿಡಿದಳು, ಆದರೆ 'ಟುಂಯ್' ಕೇಳಿಸಲಿಲ್ಲ. ಕಿಟಕಿಯಿಂದ ನೋಡಿದೆ. ಅವಳು ಸ್ಟಿಕ್ಕರಿನ ಫೋಟೋ ತೆಗೆದುಕೊಳ್ಳುತ್ತಿದ್ದಳು, ಅಚ್ಚುಕಟ್ಟಾಗಿ, ನೆರಳು ಬೀಳದ ಹಾಗೆ. ಸ್ಟೇಷನ್ನಿನಲ್ಲಿ ಕೂತು ಆ ಫೋಟೋವನ್ನೇ ಸ್ಕ್ಯಾನ್ ಮಾಡಿದರೆ ನಡೆಯುತ್ತದೋ ಇಲ್ಲವೋ ನನಗೆ ತಿಳಿಯದು, ಅವಳಿಗೂ ತಿಳಿದಿರಲಿಕ್ಕಿಲ್ಲ. ಹಳೆಯ ನಾನಾಗಿದ್ದರೆ ಫೋಟೋ ಚೆನ್ನಾಗಿ ಬರಲೆಂದು ವರಾಂಡದ ಲೈಟು ಹಾಕುತ್ತಿದ್ದೆ. ಬಾಗಿಲು ತೆರೆದು, ಕಾಲು ನೋಯುತ್ತಾ ಎಂದು ಕೇಳಿದೆ. ಬೆಳಿಗ್ಗೆಯಿಂದ ಕೂತೇ ಇಲ್ಲ ಅಜ್ಜಿ ಎಂದಳು. ಕೂರಿಸಿ ಕಾಫಿ ಕೊಟ್ಟೆ. ಕುಡಿದಾದ ಮೇಲೆ, ದಿನಾ ಬಂದು ಹೋಗು, ಬರಲಾಗದ ದಿನ ಬರಲಿಲ್ಲ ಅಂತಲೇ ಇರಲಿ, ಪುರಸಭೆಯಲ್ಲಿ ಕೇಳುವವರು ಕೇಳಲಿ, ಎಷ್ಟು ಜನ ಬೇಕು ಅಂತ ಆಗಲಾದರೂ ಗೊತ್ತಾಗುತ್ತದೆ ಎಂದೆ. ಅವಳು ನನ್ನ ಮುಖ ನೋಡಿ, ಫೋಟೋ ಅಳಿಸಿ, ಮತ್ತೆ ಫೋನು ಹಿಡಿದಳು. ಟುಂಯ್.

ವೆಂಕಟರಾಯಪ್ಪನವರನ್ನು ನಾನು ಕೊನೆಯ ಸಲ ನೋಡಿದ್ದು ಅವರು ನಿವೃತ್ತರಾದ ಮೇಲಿನ ಅವರೆಕಾಯಿ ಕಾಲದಲ್ಲಿ. ಬಿಳಿ ಷರ್ಟು, ಕೈಯಲ್ಲಿ ಕೊಡೆ, ಒಂದು ಚೀಲ ಸೊಗಡಿನ ಅವರೆ. ಕಾಫಿ ಎಂದು ನಾನು ಅನ್ನುವ ಮೊದಲೇ ಮೆಟ್ಟಿಲ ಮೇಲೆ ಕೂತು ಮಂಡಿ ನೀವಿಕೊಂಡರು. ಎರಡು ಲೋಟ ಕುಡಿದರು. ಆಮೇಲೆ ಗೇಟಿಗೆ ಹೋಗಿ, ಆಗ ಬೇರೆ ಯಾರೋ ಸಹಿ ಹಾಕುತ್ತಿದ್ದ ಪುಸ್ತಕವನ್ನು ಮೊಳೆಯಿಂದ ತೆಗೆದು, ಕನ್ನಡಕ ಹಾಕಿಕೊಂಡು, ಗಡಿಯಾರ ನೋಡಿ ಬಹಳ ಹೊತ್ತು ಬರೆದರು. ರಿಟೈರ್ ಆದವರು ಬರೆಯುವ ಹಾಗಿಲ್ಲ ಎಂದೆ. "ಎನ್‌ಕ್ವೈರಿ ಬಂದ್ರೆ ನಿಮ್ಮ ಹೆಸರು ಹೇಳ್ತೀನಿ ಬಿಡಮ್ಮಾ" ಎಂದರು.

ಕೊಡೆಯ ಹಿಡಿಯಿಂದ ಕಂಬಕ್ಕೆ ಎರಡು ಸಲ ಕುಟ್ಟಿ, ಕಾಲೆಳೆಯುತ್ತಾ, ತಿರುವಿನ ದೀಪದ ಕೆಳಗೆ ಹಾದು ಹೋದರು. ಆಮೇಲೆ ನಾನು ಪುಸ್ತಕ ತೆಗೆದು ನೋಡಿದೆ. ಐದೂ ಮೂವತ್ತೇಳು. ಏಳರ ಸೊಂಟಕ್ಕೆ ಒಂದು ಅಡ್ಡಗೆರೆ, ಸ್ವಲ್ಪ ಸೊಟ್ಟಗೆ. 'ವಿಶೇಷ'ದ ಕೆಳಗೆ: ಟೀಚರಮ್ಮನವರ ಮನೆಯಲ್ಲಿ ಕಾಫಿ ಕುಡಿದೆ.