ಬೆನ್ನಿಗೊಂದು ಕಿಟಕಿ

ಆಸ್ಪತ್ರೆಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ದೊಡ್ಡ ಡಾಕ್ಟರಿಂದ ಹಿಡಿದು ನೆಲ ಒರೆಸುವವಳವರೆಗೆ ಎಲ್ಲರಿಗೂ ಅವನು ಗಾರೆಯಣ್ಣ. ಹಾಗೆ ಕರೆದದ್ದರಲ್ಲಿ ತಪ್ಪೇನೂ ಇಲ್ಲ ಬಿಡಿ. ಅಪ್ಪ ಗಾರೆ ಕೆಲಸದವನು. ಇವನೂ ಇಪ್ಪತ್ತೆರಡನೆಯ ವಯಸ್ಸಿನವರೆಗೆ ಗೋಡೆಗಳಿಗೆ ಗಾರೆ ಬಳಿದವನೇ. ಆಸ್ಪತ್ರೆಯ ಗೋಡೆ ರಿಪೇರಿಗೆಂದು ಬಂದವನು ಒಂದು ದಿನ ಪ್ಲಾಸ್ಟರ್ ಕೋಣೆಯ ಬಾಗಿಲಲ್ಲಿ ನಿಂತು, "ನೀರು ಜಾಸ್ತಿ ಆಯ್ತು, ಅದು ಹಿಡಿಯಲ್ಲ" ಎಂದು ಒಳಗಿದ್ದವರಿಗೆ ಬುದ್ಧಿ ಹೇಳಿದ. ಹೇಳಿದ ಹಾಗೆಯೇ ಆಯಿತು. ಅವತ್ತು ಒಳಗೆ ಕಾಲಿಟ್ಟವನು ಮೂವತ್ತನಾಲ್ಕು ವರ್ಷವಾದರೂ ಹೊರಗೆ ಬಂದಿಲ್ಲ. ಹಳೆಯ ಕಸುಬಿನಿಂದ ಉಳಿದದ್ದು ಜೇಬಿನಲ್ಲಿದ್ದ ಅಪ್ಪನ ತೂಕದ ಗುಂಡೊಂದೇ. ದಾರಕ್ಕೆ ಕಟ್ಟಿ ಇಳಿಬಿಟ್ಟರೆ ಗೋಡೆ ನೆಟ್ಟಗಿದೆಯೋ ಇಲ್ಲವೋ ಎಂದು ಹೇಳುವ ಹಿತ್ತಾಳೆಯ ಗುಂಡು.

ಮುರಿದ ಕೈಕಾಲಿಗೆ ಪ್ಲಾಸ್ಟರ್ ಹಾಕುವುದು ಅವನಿಗೆ ನೀರು ಕುಡಿದಷ್ಟು ಸಲೀಸು. ಉಸಿರು ಬಿಗಿಹಿಡಿದು ಮಾಡುತ್ತಿದ್ದ ಕೆಲಸ ಬೇರೆಯೇ ಇತ್ತು: ಬೆನ್ನುಮೂಳೆ ಪಕ್ಕಕ್ಕೆ ಬಾಗಿದ ಪುಟ್ಟ ಮಕ್ಕಳದ್ದು. ಮಗುವಿಗೆ ಅರಿವಳಿಕೆ ಕೊಟ್ಟು, ಕಬ್ಬಿಣದ ಚೌಕಟ್ಟಿನ ಮೇಲೆ ಅಂಗಾತ ಮಲಗಿಸಿ, ತಲೆಯನ್ನೂ ಸೊಂಟವನ್ನೂ ಮೆಲ್ಲಗೆ ಎಳೆದು ಹಿಡಿದು, ಎದೆಯಿಂದ ಸೊಂಟದವರೆಗೆ ಪ್ಲಾಸ್ಟರಿನ ಅಂಗಿ ತೊಡಿಸಬೇಕು. ಹೊಟ್ಟೆಯ ಮೇಲೆ ಮಡಿಸಿದ ಟವೆಲ್ ಇಟ್ಟು ಸುತ್ತಿ, ಆಮೇಲೆ ಅದನ್ನು ಎಳೆದು ತೆಗೆಯಬೇಕು. ಅದು ಊಟಕ್ಕೆ ಬಿಟ್ಟ ಜಾಗ. ಕೊನೆಗೆ ಮಗುವನ್ನು ಬೋರಲು ತಿರುಗಿಸಿ ಬೆನ್ನಿನಲ್ಲೊಂದು ಕಿಟಕಿ ಕೊರೆಯಬೇಕು. ಬೆನ್ನು ಉಬ್ಬಿದ ಕಡೆ ಪ್ಲಾಸ್ಟರ್ ಒತ್ತಿ ಹಿಡಿಯುತ್ತದೆ, ತಗ್ಗಾದ ಕಡೆ ಕಿಟಕಿ ತೆರೆದಿರುತ್ತದೆ. ಮಗು ಉಸಿರೆಳೆದಾಗಲೆಲ್ಲ ತಗ್ಗು ಆ ಕಿಟಕಿಯತ್ತ ತುಂಬಿಕೊಳ್ಳುತ್ತದೆ. ಎರಡೂವರೆ ತಿಂಗಳಿಗೊಮ್ಮೆ ಹಳೆಯದನ್ನು ಒಡೆದು ಹೊಸದು ಹಾಕುತ್ತಾರೆ.

"ನಾವು ನೆಟ್ಟಗೆ ಮಾಡಲ್ಲ ಗಾರೆಯಣ್ಣ," ಎಂದು ಈ ಮಕ್ಕಳನ್ನು ನೋಡುತ್ತಿದ್ದ ಡಾಕ್ಟರಮ್ಮ ಮೊದಲ ದಿನವೇ ಹೇಳಿದ್ದರು. "ದಾರಿ ತೋರಿಸ್ತೀವಿ ಅಷ್ಟೇ. ಮಗು ಬೆಳೀತಾ ಬೆಳೀತಾ ತಾನೇ ನೆಟ್ಟಗಾಗುತ್ತೆ."

ಸೊಟ್ಟ ಗೋಡೆಯನ್ನು ಕೆಡವಿ ಕಟ್ಟುವುದೊಂದೇ ದಾರಿ ಎಂದು ಕಲಿತವನಿಗೆ ಈ ಮಾತು ಇಂದಿಗೂ ಪೂರ್ತಿ ಅರಗಿರಲಿಲ್ಲ. ಪ್ಲಾಸ್ಟರಿನ ಒಳಗೆ ಹಾಕುವ ಮೆತ್ತನೆಯ ಬನಿಯನ್‌ಗಳನ್ನು ಹೊಲಿದುಕೊಡುತ್ತಿದ್ದವಳು ಅವನ ಹೆಂಡತಿ. ಅವಳ ಹೊಲಿಗೆ ಯಂತ್ರದ ಪಕ್ಕ ಕೂತು ಅದನ್ನೇ ಹೇಳಿ ಹೇಳಿ ತಲೆ ತಿನ್ನುತ್ತಿದ್ದ.

"ಮೂಳೆ ಕಣೇ ಅದು! ಉಸಿರಾಡಿ ಉಸಿರಾಡಿ ನೆಟ್ಟಗಾಗುತ್ತೆ ಅಂದ್ರೆ ಏನಂದ್ಕೊಂಡೆ?"

"ಮೂವತ್ತು ವರ್ಷದಿಂದ ನೋಡ್ತಿದ್ದೀನಿ, ನೀವೂ ಉಸಿರಾಡ್ತಾನೇ ಇದ್ದೀರಿ, ಎಲ್ಲಿ ನೆಟ್ಟಗಾದ್ರಿ?" ಎಂದು ಅವಳು ದಾರ ಕಚ್ಚಿ ತುಂಡು ಮಾಡುತ್ತಿದ್ದಳು.

ಆ ಹುಡುಗಿ ಬಂದಾಗ ಅವಳಿಗೆ ಒಂದೂವರೆ ವರ್ಷ. ತಾಯಿ ಪ್ರೆಸ್ಸಿನಲ್ಲಿ ಪುಸ್ತಕ ಹೊಲಿಯುವವಳು. ಮಗುವಿನ ಬೆನ್ನು ಎಡಕ್ಕೆ ಉಬ್ಬಿ ಬಾಗಿತ್ತು. ಡಾಕ್ಟರಮ್ಮ ಸುತ್ತಿಬಳಸದೆ ಹೇಳಿದರು: "ಅರವತ್ತು ಡಿಗ್ರಿ ಇದೆ. ಈಗ ಭರದಿಂದ ಬೆಳೆಯೋ ವಯಸ್ಸು. ಈ ಎರಡು ವರ್ಷ ಕೈಬಿಟ್ರೆ ಆಮೇಲೆ ಬೆನ್ನೊಳಗೆ ಕಂಬಿ ಇಡ್ಬೇಕು, ಬೆಳೆದ ಹಾಗೆಲ್ಲ ಮತ್ತೆ ಮತ್ತೆ ಕೊಯ್ಯಬೇಕು." ತಾಯಿ ಮಗುವನ್ನು ಇನ್ನಷ್ಟು ಅವುಚಿಕೊಂಡಳು.

ಮೊದಲ ಅಂಗಿ ತೊಟ್ಟು ಮೂರನೆಯ ದಿನಕ್ಕೇ ಹುಡುಗಿ ಎದ್ದು ಓಡಾಡಿದಳು. ಗಾರೆಯಣ್ಣ ಅವಳಿಗೆ ಆಮೆಮರಿ ಎಂದು ಹೆಸರಿಟ್ಟ. ಬೆರಳಿನಿಂದ ಅವಳ ಹೊಟ್ಟೆಯ ಪ್ಲಾಸ್ಟರ್ ಕುಟ್ಟಿ, "ಯಾರಮ್ಮಾ ಮನೇಲಿ?" ಎಂದರೆ ಅವಳು, "ನಾನೇ!" ಎಂದು ಕಿರುಚುತ್ತಿದ್ದಳು.

ಗಾರೆಯಣ್ಣನದೊಂದು ಪದ್ಧತಿಯಿತ್ತು. ಕೊರೆದು ತೆಗೆದ ಕಿಟಕಿಯ ಚೂರನ್ನು ಅವನು ಎಸೆಯುತ್ತಿರಲಿಲ್ಲ. ತಾರೀಖು ಬರೆದು, ಮಗುವಿಗೊಂದು ಸಾಲಿನಂತೆ ಕಪಾಟಿನಲ್ಲಿ ಜೋಡಿಸುತ್ತಿದ್ದ. "ಏನ್ ಗಾರೆಯಣ್ಣ, ಅಂಗಡಿ ತೆಗೀತೀರಾ?" ಎಂದು ನರ್ಸುಗಳು ರೇಗಿಸುತ್ತಿದ್ದರು. ಚೂರಿನ ಒಳಮೈಯಲ್ಲಿ ಬೆನ್ನಿನ ಅಚ್ಚು ಇರುತ್ತಿತ್ತು. ಅದನ್ನು ಹೆಬ್ಬೆರಳಿನಿಂದ ಸವರಿ ನೋಡುವುದೇ ಅವನ ಎಕ್ಸ್‌ರೇ.

ಆಮೆಮರಿಯ ಮೂರನೆಯ ಅಂಗಿಯ ದಿನ ಇಬ್ಬರು ಮಕ್ಕಳು ಒಬ್ಬರ ಹಿಂದೆ ಒಬ್ಬರಿದ್ದರು. ಮೊದಲನೆಯದು ಬಲಕ್ಕೆ ಉಬ್ಬಿದ ಬೆನ್ನು. ಆಮೆಮರಿಯದು ಎರಡನೆಯ ಸರದಿ. ಬೋರಲು ತಿರುಗಿಸುವ ಹೊತ್ತಿಗೆ ಡಾಕ್ಟರಮ್ಮನಿಗೆ ತುರ್ತು ಕರೆ ಬಂತು. ಗಾರೆಯಣ್ಣ ಎಂದಿನಂತೆ ಕಿಟಕಿ ಕೊರೆದು, ಅಂಚಿಗೆ ಪಟ್ಟಿ ಅಂಟಿಸಿ ಕಳಿಸಿದ.

ಸಂಜೆ ಕೋಣೆ ತೊಳೆದು, ಚೂರನ್ನು ಸಾಲಿನಲ್ಲಿಡಲು ಹೋದ. ಹೆಬ್ಬೆರಳು ಅಲ್ಲೇ ನಿಂತಿತು. ಅವಳ ಹಿಂದಿನ ಎರಡೂ ಚೂರುಗಳ ಒಳಮೈ ಚಪ್ಪಟೆ. ಇದು ಬಟ್ಟಲಿನ ಹಾಗೆ ಆಳವಾಗಿತ್ತು. ಮೊದಲ ಮಗುವಿನ ಲೆಕ್ಕ ಕೈಯಲ್ಲೇ ಉಳಿದುಹೋಗಿ, ಒತ್ತಿ ಹಿಡಿಯಬೇಕಾದ ಉಬ್ಬಿಗೇ ಅವನು ಕಿಟಕಿ ಇಟ್ಟಿದ್ದ. ಇನ್ನು ಎರಡೂವರೆ ತಿಂಗಳು ಮಗು ಎಳೆಯುವ ಒಂದೊಂದು ಉಸಿರೂ ಅವಳ ಬೆನ್ನನ್ನು ಇನ್ನಷ್ಟು ಬಾಗಿಸುತ್ತಿತ್ತು.

ಚೂರನ್ನು ಕಸದ ಬುಟ್ಟಿಗೆ ಹಾಕಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ ಎಂಬುದು ಅವನಿಗೂ ಹೊಳೆಯಿತು. ಹೊಳೆದದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು. ಚೂರು ಹಿಡಿದುಕೊಂಡೇ ವಾರ್ಡಿಗೆ ಹೋದ. ತಾಯಿ ಮಗುವಿಗೆ ಚಮಚದಲ್ಲಿ ಹಾಲು ಕುಡಿಸುತ್ತಿದ್ದಳು.

"ತಾಯಿ, ನನ್ನಿಂದ ತಪ್ಪಾಗಿದೆ. ಕಿಟಕಿ ಆ ಕಡೆ ಇರ್ಬೇಕಿತ್ತು, ಈ ಕಡೆ ಕೊರೆದುಬಿಟ್ಟೆ. ನಾಳೆ ಮತ್ತೆ ಹಾಕ್ಬೇಕು."

"ಮತ್ತೆ ಮೂಗಿಗೆ ಔಷಧಿ ಹಿಡಿದು ಮಲಗಿಸ್ತೀರಾ?"

"ಹೌದು."

"ನನ್ನ ಮಗು ಬೆನ್ನು ನಿಮಗೆ ಆಟದ ಸಾಮಾನಾ?" ಎಂದವಳು ಆಮೇಲೆ ಬಾಯಿಗೆ ಬಂದಂತೆ ಬೈದಳು. ಅವನು ತಲೆ ಎತ್ತಲಿಲ್ಲ. ಡಾಕ್ಟರಮ್ಮ ಬೈಯಲಿಲ್ಲ, ಅದೇ ಹೆಚ್ಚು ಚುಚ್ಚಿತು. ಮಾರನೆಯ ಬೆಳಿಗ್ಗೆ ಅವರು ಪಕ್ಕದಲ್ಲೇ ನಿಂತು ಹೊಸ ಅಂಗಿ ಹಾಕಿಸಿದರು. ಅಂದಿನಿಂದ ಕಿಟಕಿಯ ಕಡೆಯ ಮಣಿಕಟ್ಟಿಗೆ ಮೊದಲೇ ಕೆಂಪು ದಾರ ಕಟ್ಟದೆ ಅವನು ಯಾವ ಮಗುವನ್ನೂ ಮುಟ್ಟಲಿಲ್ಲ.

ತಾಯಿ ಮಗುವನ್ನೆತ್ತಿಕೊಂಡು ಹೊರಟುಹೋದಳು. ಮುಂದಿನ ಅಂಗಿಯ ದಿನ ಬಂತು, ಅವಳು ಬರಲಿಲ್ಲ. ಮರುದಿನವೂ ಇಲ್ಲ. ಬೆಳೆಯುವ ಬೆನ್ನು ಯಾರಿಗೂ ಕಾಯುವುದಿಲ್ಲ. ಗಾರೆಯಣ್ಣ ಹೊತ್ತುಹೊತ್ತಿಗೂ ಬಾಗಿಲಿಗೆ ಬಂದು ನೋಡಿದ. ಮೂರನೆಯ ದಿನ ಕಾರಿಡಾರಿನಲ್ಲಿ, "ನಾನೇ!" ಎಂಬ ಕಿರುಚಾಟ ಕೇಳಿಸಿತು. ಇವನು ಕೈಯಲ್ಲಿದ್ದ ಬೋಗುಣಿ ಹಾಗೇ ಬಿಟ್ಟು ಓಡಿದ.

"ಬೇರೆ ಆಸ್ಪತ್ರೆಗೆ ಹೋಗಿದ್ದೆ," ಎಂದಳು ತಾಯಿ, ಮುಖ ಇನ್ನೂ ಗಂಟುಹಾಕಿಕೊಂಡೇ. "ನಮ್ಮಲ್ಲಿ ತಪ್ಪು ಆಗೋದೇ ಇಲ್ಲ ಅಂದ್ರು. ಯಾಕೋ ಭಯ ಆಯ್ತು, ವಾಪಸ್ ಬಂದೆ."

ಹತ್ತನೆಯ ಅಂಗಿ ಒಡೆಯುವಾಗ ಆಮೆಮರಿಗೆ ಮೂರೂವರೆ ವರ್ಷ ದಾಟಿತ್ತು. ಗರಗಸದ ಸದ್ದಿಗೆ ಅವಳು ಹೆದರದಿರಲೆಂದು ಗಾರೆಯಣ್ಣ ಎಂದಿನಂತೆ ಮೊದಲು ತನ್ನ ಅಂಗೈಗೇ ಹಿಡಿದು ತೋರಿಸಿದ. ಅದು ಗಟ್ಟಿಯಾದದ್ದನ್ನು ಕೊಯ್ಯುತ್ತದೆ, ಚರ್ಮಕ್ಕೆ ಕಚಗುಳಿಯಿಡುತ್ತದೆ ಅಷ್ಟೇ. ಅಂಗಿ ಎರಡು ಹೋಳಾಯಿತು. ಒಳಗಿನ ಬೆನ್ನು ಬಿಳಿಚಿಕೊಂಡಿತ್ತು, ಕಿಟಕಿಯಿದ್ದ ಜಾಗ ಮಾತ್ರ ಬಣ್ಣ ಬೇರೆ. ಎಕ್ಸ್‌ರೇ ತೆಗೆದು ಡಾಕ್ಟರಮ್ಮ ಮೊದಲನೆಯದರ ಪಕ್ಕದಲ್ಲಿ ಹಿಡಿದರು. "ಎಂಟು ಡಿಗ್ರಿ. ಇನ್ನು ಸ್ವಲ್ಪ ದಿನ ಬಿಚ್ಚಿ ಹಾಕೋ ಬೆಲ್ಟು ಸಾಕು. ಕಂಬಿ ಬೇಡ."

ತಾಯಿಗೆ ಅಂಕಿ ಅರ್ಥವಾಗಲಿಲ್ಲ, ಅಥವಾ ನಂಬಿಕೆ ಬರಲಿಲ್ಲ. "ನೀವು ಹೇಳಿ," ಎಂದು ಗಾರೆಯಣ್ಣನ ಕಡೆ ತಿರುಗಿದಳು. ಅವನು ಜೇಬಿಗೆ ಕೈಹಾಕಿ ಅಪ್ಪನ ಗುಂಡು ತೆಗೆದ. ಮೂವತ್ತನಾಲ್ಕು ವರ್ಷದಿಂದ ಅದನ್ನು ಯಾವುದಕ್ಕೂ ಹಿಡಿದಿರಲಿಲ್ಲ. ಮಗುವನ್ನು ನಿಲ್ಲಿಸಿ, ಹಿಂದೆ ಮಂಡಿಯೂರಿ ಕೂತು, ಕತ್ತಿನ ಬುಡದ ಮೂಳೆಗೆ ದಾರ ಒತ್ತಿ ಗುಂಡನ್ನು ಇಳಿಬಿಟ್ಟ.

ಹಿತ್ತಾಳೆ ತಣ್ಣಗೆ ಸೊಂಟಕ್ಕೆ ತಾಗಿದ್ದೇ ತಡ, ಹುಡುಗಿ ಕಿಲಕಿಲ ನಕ್ಕು ಹಾವಿನ ಹಾಗೆ ನುಲಿದಳು. ಎಡಕ್ಕೆ ಬಳುಕಿದಳು, ಬಲಕ್ಕೆ ಬಳುಕಿದಳು, ಬಗ್ಗಿ ತನ್ನ ಕಾಲ ಸಂದಿಯಿಂದ ಅಮ್ಮನನ್ನು ನೋಡಿದಳು. ಗುಂಡು ದಿಕ್ಕಾಪಾಲಾಗಿ ತೂಗಾಡಿತು.

"ಬೆನ್ನು ಅಲ್ಲಾಡಿಸ್ಬೇಡ ಮಗಳೇ," ಎಂದ ಗಾರೆಯಣ್ಣ.

ಹೇಳಿದ ಮೇಲೆ ಅವನಿಗೇ ಹೊಳೆಯಿತು. ಎರಡು ವರ್ಷದಲ್ಲಿ ಆ ಮಾತನ್ನು ಅವಳಿಗೆ ಯಾರೂ ಹೇಳಬೇಕಾಗಿ ಬಂದಿರಲಿಲ್ಲ. ತಾಯಿಗೂ ಅದೇ ಹೊಳೆಯಿತೇನೋ, ಬಾಯಿಗೆ ಸೆರಗು ಒತ್ತಿಕೊಂಡಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ.

ಹುಡುಗಿ ಕುಣಿದು ದಣಿದ ಮೇಲೆ ನೆಟ್ಟಗೆ ನಿಂತಳು. ಗುಂಡು ನಿಧಾನವಾಗಿ ನಿಂತಿತು. ದಾರ ಬೆನ್ನುಮೂಳೆಯ ಮೇಲೆ ಉದ್ದಕ್ಕೂ ಕೂತಿತ್ತು. ಗಾರೆಯಣ್ಣ ದಾರ ಹಿಡಿದೇ ಇದ್ದ, ಮೇಲೆ ಏಳಲು ಅವನಿಗೆ ತುಂಬ ಹೊತ್ತು ಬೇಕಾಯಿತು.