ಕಿಲುಬು ಪಾತ್ರೆಯಲ್ಲಿರಲಿಲ್ಲ

ಆಪರೇಷನ್ ಆಗಿ ಎಂಟನೇ ದಿನ ಬೆಳಿಗ್ಗೆ ನೀರು ಕುಡಿದೆ. ಬರೀ ನೀರು. ತಾಮ್ರದ ಕಾಸನ್ನು ಬಾಯಲ್ಲಿ ಇಟ್ಟುಕೊಂಡ ಹಾಗಾಯಿತು. ಲೋಟ ಬದಲಾಯಿಸಿದೆ. ಅದೇ. ಹಲ್ಲುಜ್ಜಿ ಬಂದು ಕುಡಿದೆ. ಅದೇ.

ಆಪರೇಷನ್ ವಿಷಯ ಮೊದಲೇ ಹೇಳಿಬಿಡುತ್ತೇನೆ, ತಪ್ಪು ಶುರುವಾದದ್ದೇ ಅಲ್ಲಿ. ನಾನು ಬೆಳಗೋಡಿನಲ್ಲಿ ರವಿಕೆ ಹೊಲಿಯುವವಳು. ಊರ ಹೆಂಗಸರ ಸೊಂಟಕ್ಕೆಲ್ಲ ಟೇಪು ಹಿಡಿದವಳು ನನ್ನ ಸೊಂಟಕ್ಕೆ ಹಿಡಿದು ವರ್ಷಗಳಾಗಿದ್ದವು. ನೂರಾ ಎಂಟು ಕೆಜಿ, ಜೊತೆಗೆ ಶುಗರ್. ಮಷಿನ್ ತುಳಿದರೆ ಮಂಡಿ ಹಿಡಿದುಕೊಳ್ಳುತ್ತಿತ್ತು. ಹಾಸನದ ಡಾಕ್ಟರು ಸ್ಲೀವ್ ಸರ್ಜರಿ ಅಂದರು, ಜಠರದ ಮುಕ್ಕಾಲು ಪಾಲು ಕತ್ತರಿಸಿ ತೆಗೆಯುವುದು. ನಾನೂ ನಮ್ಮ ಮನೆಯವರೂ ಒಪ್ಪಿದೆವು. ಅತ್ತೆಮ್ಮನಿಗೆ ಮಾತ್ರ ಗಾಲ್‌ಬ್ಲಾಡರ್ ಕಲ್ಲು ಅಂತ ಹೇಳಿದೆವು. ‘ಬಾಯಿ ಕಟ್ಟೋಕಾಗ್ದೆ ಹೊಟ್ಟೆ ಕೊಯ್ಸ್ಕೊಂಡ್ಳು’ ಅಂದುಬಿಟ್ಟಾರು ಎಂಬ ನಾಚಿಕೆ ನನಗೆ. ಅವರು ಎಂದೂ ಹಾಗೆ ಅಂದವರಲ್ಲ. ನಾನೇ ಅವರ ಬಾಯಿಗೆ ಆ ಮಾತು ತುರುಕಿದ್ದೆ.

ಅತ್ತೆಮ್ಮನಿಗೆ ಎಪ್ಪತ್ತು ದಾಟಿದೆ. ಅಡುಗೆ ಈಗಲೂ ಅವರದೇ. ಸಾರು ಕುದಿ ಬಂದಾಗ “ಉಪ್ಪು ನೋಡು ಬಾರವ್ವ” ಅಂತ ಕೂಗುತ್ತಿದ್ದರು. ನಾನು ಮಷಿನ್ ಬಿಟ್ಟು ಹೋಗಿ ಅಂಗೈ ಒಡ್ಡಬೇಕು, ಅವರು ಸೌಟಿನಿಂದ ಒಂದು ತೊಟ್ಟು ಬಿಡಬೇಕು. ಮದುವೆಯಾಗಿ ಬಂದ ವಾರದಿಂದ ನಡೆದುಬಂದದ್ದು. “ನಮ್ ಸೊಸೆ ನಾಲ್ಗೆ ಸುಳ್ಳು ಹೇಳಕ್ಕಿಲ್ಲ” ಅಂತ ನೆಂಟರೆದುರು ಹೊಗಳುತ್ತಿದ್ದರು.

ಆಗ ನನಗೆ ಬರೀ ತೆಳು ಆಹಾರ. ಅತ್ತೆಮ್ಮ ಹುರುಳಿಕಟ್ಟಿಗೆ ಚೂರು ಹುಣಸೆಹುಳಿ ಬಿಟ್ಟು, ಸೋಸಿ, ಲೋಟದಲ್ಲಿ ತಂದುಕೊಟ್ಟರು. ಒಂದು ಗುಟುಕಿಗೇ ಮುಖ ಕಿವುಚಿಕೊಂಡೆ.

“ಕಿಲುಬು ಬಂದೈತೆ ಅತ್ತೆಮ್ಮ.”

“ನಂಗೇನೂ ಗೊತ್ತಾಗ್ಲಿಲ್ವಲ್ಲವ್ವ.”

“ತಪ್ಪಲೆ ಕಲಾಯಿ ಹೋಗಿರ್ಬೇಕು, ನೋಡಿ.”

ಆ ಹಿತ್ತಾಳೆ ತಪ್ಪಲೆ ಅವರ ತವರಿಂದ ಬಂದದ್ದು. ಒಳಗಿನ ಕಲಾಯಿ ಸವೆದರೆ ಹುಳಿ ತಾಗಿ ಕಿಲುಬೇಳುತ್ತದೆ, ಅದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಅವರು ಬೂದಿ ಹಾಕಿ ತಿಕ್ಕಿದರು. ಮತ್ತೆ ಮಾಡಿದರು. ನಾನು ಮತ್ತೆ ಕಿಲುಬು ಅಂದೆ. ರೇಗಿ ಲೋಟ ತಳ್ಳಿದ್ದೂ ಉಂಟು. ನೀರೂ ಹಾಗೇ ಇದೆ ಅಂತ ಹೇಳಬಹುದಿತ್ತು. ಹೇಳಿದ್ದರೆ ಯಾಕೆ ಅಂತ ಕೇಳುತ್ತಿದ್ದರು, ಯಾಕೆ ಅಂದರೆ ಆಪರೇಷನ್ ಮಾತು ಬರುತ್ತಿತ್ತು. ಒಳಗೊಳಗೇ ನನಗೆ ಅನುಮಾನವಿತ್ತು. ಆದರೂ ತಪ್ಪನ್ನು ಪಾತ್ರೆಯ ಮೇಲೇ ಇಟ್ಟೆ.

ತಿಂಗಳಾದ ಮೇಲೆ ಹಾಸನಕ್ಕೆ ಚೆಕಪ್‌ಗೆ ಹೋದೆವು.

“ಮೆಟಾಲಿಕ್ ಟೇಸ್ಟ್, ತುಂಬಾ ಜನಕ್ಕೆ ಆಗುತ್ತಮ್ಮ,” ಅಂದರು ಡಾಕ್ಟರು. “ನೀರು ಸಾಲ್ತಾ ಇಲ್ಲ ನಿಮಗೆ. ಡಿಸ್ಚಾರ್ಜ್ ದಿನ ಕೊಟ್ಟ ಶೀಟ್‌ನಲ್ಲಿ ಎಲ್ಲಾ ಇತ್ತಲ್ಲ?”

ಆ ಶೀಟನ್ನು ಅತ್ತೆಮ್ಮನ ಕಣ್ಣಿಗೆ ಬೀಳದಿರಲಿ ಅಂತ ಬ್ಲೌಸ್ ಪೀಸುಗಳ ಅಡಿಗೆ ಹಾಕಿದ್ದೆ. ಓದಿರಲಿಲ್ಲ. ಗುಟುಕು ಗುಟುಕಾಗಿ ನೀರು ಕುಡಿಯಬೇಕು, ನಾಲಿಗೆ ಉಜ್ಜಬೇಕು, ಸ್ಟೀಲ್ ಚಮಚದ ಬದಲು ಪ್ಲಾಸ್ಟಿಕ್ಕಿನದು ಬಳಸಬೇಕು ಅಂದರು. ಜಿಂಕ್ ಕಡಿಮೆ ಇದೆಯಾ ನೋಡಲು ರಕ್ತ ತೆಗೆದರು. ಬಾಯಿಯ ಕಿಲುಬು ಹೋಗುತ್ತೆ, ತಿಂಗಳುಗಳೇ ಹಿಡಿಯಬಹುದು ಅಂದರು. ಮನೆಗೆ ಹೋದ ಕೂಡಲೇ ಅತ್ತೆಮ್ಮನಿಗೆ ಎಲ್ಲ ಹೇಳಿಬಿಡಬೇಕು ಅಂತ ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡೆ.

ಒಲೆಯ ಮೇಲೆ ಹೊಸ ಸ್ಟೀಲ್ ಪಾತ್ರೆ ಇತ್ತು.

“ತಪ್ಪಲೆ ಎಲ್ಲಿ ಅತ್ತೆಮ್ಮ?”

“ಸಕಲೇಶಪುರದ ಪಾತ್ರೆ ಅಂಗ್ಡೀಗೆ ಹಾಕ್ಬುಟ್ಟೆ ಕಣವ್ವ. ಕಲಾಯಿಯವ್ನು ಈಗೆಲ್ಲಿ ಬತ್ತಾನೆ? ಇಷ್ಟ್ ದಿನ ನಿನ್ ಹೊಟ್ಟೆಗೆ ವಿಷ ಹಾಕ್ದಂಗಾಯ್ತಲ್ಲ.”



ತಪ್ಪಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಒಬ್ಬರೇ ಹೋಗಿ ಕೊಟ್ಟುಬಂದಿದ್ದರು. ಒಲೆಯ ಮುಂದೆಯೇ ಕುಳಿತು ಎಲ್ಲ ಹೇಳಿದೆ. ಸ್ಲೀವು, ಸುಳ್ಳು, ನೀರಿನ ಕಿಲುಬು. ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ.

“ನನ್ತಾವ ಹೇಳೋಕೇನಾಗಿತ್ತವ್ವ?” ಅಂದರು, ಅಷ್ಟೇ.

ಮಾರನೇ ದಿನ ಅಂಗಡಿಗೆ ಓಡಿದೆವು. ತಪ್ಪಲೆ ಅಷ್ಟರಲ್ಲಿ ಗುಜರಿ ಲೋಡಿನ ಜೊತೆ ಹೋಗಿಬಿಟ್ಟಿತ್ತು.

ಆಪರೇಷನ್ ಆಗಿ ಈಗ ನಾಲ್ಕು ತಿಂಗಳು. ಇಪ್ಪತ್ತೆರಡು ಕೆಜಿ ಇಳಿದಿದ್ದೇನೆ, ಮಂಡಿ ಸುಮ್ಮನಿದೆ, ಶುಗರ್ ಮಾತ್ರೆ ಅರ್ಧವಾಗಿದೆ. ಅದಕ್ಕೆ ಋಣಿಯಾಗಿದ್ದೇನೆ, ಇಲ್ಲ ಅನ್ನುವುದಿಲ್ಲ. ಬಾಯಿ ಕೆಲವು ದಿನ ಚೆನ್ನಾಗಿರುತ್ತದೆ, ಕೆಲವು ದಿನ ನಿಂಬೆಹಣ್ಣು ಚೀಪಿಕೊಂಡು ಹೊಲಿಯುತ್ತೇನೆ. ಆದರೆ ಅತ್ತೆಮ್ಮ ಉಪ್ಪು ನೋಡಲು ಕರೆಯುವುದನ್ನು ಬಿಟ್ಟಿದ್ದರು. ಸಾರು ಕುದಿಯುವ ಸದ್ದು ಕೇಳುತ್ತಿತ್ತು, ನನ್ನನ್ನು ಕೂಗುವುದು ಕೇಳುತ್ತಿರಲಿಲ್ಲ. ಹೋದ ತಪ್ಪಲೆಗಿಂತ ಅದು ಹೆಚ್ಚು ಸುಡುತ್ತಿತ್ತು.

ಹೋದ ವಾರ ಮಷಿನ್ ನಿಲ್ಲಿಸಿ ನಾನೇ ಎದ್ದು ಹೋದೆ. ಅಂಗೈ ಒಡ್ಡಿದೆ. ಅವರು ನನ್ನ ಮುಖ ನೋಡಿದರು. ಆಮೇಲೆ ಸೌಟು ಬಗ್ಗಿಸಿದರು.

“ಹೆಂಗೈತೆ?”

“ಕಿಲುಬೈತೆ ಅತ್ತೆಮ್ಮ. ನನ್ ಬಾಯಾಗೆ.”

“ಅದು ಬುಡು. ಉಪ್ಪು?”

ನಾಲಿಗೆಯ ಮೇಲೆ ಇನ್ನೊಂದು ಕ್ಷಣ ಇಟ್ಟುಕೊಂಡೆ. ಕಿಲುಬಿನ ಹಿಂದೆ ಎಲ್ಲೋ ಸಿಕ್ಕಿತು.

“ಒಂಚೂರು ಕಮ್ಮಿ.”

ಅವರು ತಾವು ರುಚಿ ನೋಡಲಿಲ್ಲ. ಉಪ್ಪಿನ ಡಬ್ಬಿಗೆ ಕೈ ಹಾಕಿದರು.