ಓಣಿಯ ಪಗಾರ

ಕೂತು ಮಾತಾಡುವುದೇ ನನ್ನ ಕೆಲಸ, ಆದರೆ ಕೂತಲ್ಲಿ ಕೂರುವ ಜಾಯಮಾನ ನನ್ನದಲ್ಲ. ಚಿಕ್ಕೋಡಿ ಕಡೆಯ ನಮ್ಮ ಸಣ್ಣ ರೇಡಿಯೋದಲ್ಲಿ ವಾರಕ್ಕೊಮ್ಮೆ ಪಿಂಚಣಿಯ ಕಾರ್ಯಕ್ರಮ ನಡೆಸುತ್ತೇನೆ. ಮುದುಕರಿಗೆ, ವಿಧವೆಯರಿಗೆ, ಅಂಗವಿಕಲರಿಗೆ ಸರ್ಕಾರ ಕೊಡುವ ಆ ದುಡ್ಡಿಗೆ ನಮ್ಮ ಕಡೆ ಪಗಾರ ಅಂತಲೇ ಹೆಸರು. ಮಾಹಿತಿ ಕೊಡು, ಜಗಳ ತೆಗೆಯಬೇಡ ಎಂದು ನಿಲಯದ ಮುಖ್ಯಸ್ಥರು ಪ್ರತಿ ಸಲ ಹೇಳುತ್ತಾರೆ. ನಾನೂ ಪ್ರತಿ ಸಲ ಹೂಂ ಅನ್ನುತ್ತೇನೆ.

ಜಗಳಕ್ಕೆ ಕಾರಣ ಮನೆಯಲ್ಲೇ ಇತ್ತು. ನಿಪ್ಪಾಣಿಯಲ್ಲಿರುವ ನನ್ನ ದೊಡ್ಡವ್ವ, ಗಂಡ ಸತ್ತ ಮೇಲೆ ಬೀಡಿ ಸುತ್ತಿಯೇ ಮಕ್ಕಳನ್ನು ಸಾಕಿದವಳು. ಎಲೆ ಉಜ್ಜಿ ಉಜ್ಜಿ ಅವಳ ಬೆರಳ ಗೆರೆಗಳೆಲ್ಲ ಸವೆದುಹೋಗಿವೆ. ಪಗಾರ ಬೇಕಾದರೆ ಯಂತ್ರದ ಮೇಲೆ ಹೆಬ್ಬೆರಳು ಒತ್ತಬೇಕು, ಯಂತ್ರ ಅವಳ ಗುರುತೇ ಹಿಡಿಯುವುದಿಲ್ಲ. ಆ ಓಣಿಯ ಬೀಡಿ ಸುತ್ತುವ ಹೆಂಗಸರೆಲ್ಲರದೂ ಇದೇ ಕಥೆ. ಕೈ ತೊಳೆದು ಬಾ, ಎಣ್ಣೆ ಹಚ್ಚಿ ಬಾ, ನಾಳೆ ಬಾ. ಕೇಳಿ ಕೇಳಿ ನನಗೆ ಮೈ ಉರಿಯುತ್ತಿತ್ತು. ಬೆರಳು ಸವೆದವರಿಗೆ ಬೇರೆ ದಾರಿ ನಿಯಮದಲ್ಲೇ ಇರಬೇಕು, ಕೇಳದಿದ್ದರೂ ಸಿಗಬೇಕು ಎಂಬುದು ನನ್ನ ಹಟ.

ದೊಡ್ಡವ್ವನನ್ನೇ ಮೈಕಿನ ಮುಂದೆ ಕೂರಿಸಿದೆ. ಅರ್ಧ ಕನ್ನಡ, ಅರ್ಧ ಮರಾಠಿಯಲ್ಲಿ ಅವಳು ಎಲ್ಲವನ್ನೂ ಹೇಳಿದಳು. ಒಂದೆರಡು ದಿನದಲ್ಲೇ ಪಿಂಚಣಿ ಕಚೇರಿಯ ಒಬ್ಬ ಸಾಹೇಬರು ಕಣ್ಣು ನೋಡಿ ಗುರುತು ಹಿಡಿಯುವ ಯಂತ್ರದ ಸಮೇತ ಅವಳ ಮನೆಗೇ ಬಂದರು. ನಿಂತಿದ್ದ ಪಗಾರವೆಲ್ಲ ಕೈಗೆ ಬಂತು, ಮುಂದಿನದಕ್ಕೂ ಬೆರಳು ಒತ್ತಬೇಕಿಲ್ಲವೆಂದಾಯಿತು. ನಮ್ಮ ಕಣ್ಣೂ ನೋಡಿ ಎಂದು ಅಕ್ಕಪಕ್ಕದವರು ಬಾಗಿಲಿಗೆ ಬಂದರೆ, ರೇಡಿಯೋದಲ್ಲಿ ಬಂದ ದೂರು ಇವರದೊಂದೇ ಎಂದು ಸಾಹೇಬರು ಜೀಪು ಹತ್ತಿದರಂತೆ. ನಾನಿಲ್ಲಿ ಗೆದ್ದೆನೆಂದು ಎಲ್ಲರಿಗೂ ಚಹಾ ಕುಡಿಸುತ್ತಿದ್ದೆ.

ಮುಂದಿನ ವಾರ ಹೋದಾಗ ದೊಡ್ಡವ್ವ ಮನೆಯೊಳಗೆ ಒಬ್ಬಳೇ ಕೂತು ಬೀಡಿ ಸುತ್ತುತ್ತಿದ್ದಳು. ಆ ಓಣಿಯಲ್ಲಿ ಯಾರೂ ಹಾಗೆ ಒಬ್ಬರೇ ಕೂರುವುದಿಲ್ಲ. ಮಧ್ಯಾಹ್ನವಾದರೆ ಎಲ್ಲರೂ ಬೀಡಿ ಎಲೆಯ ಮೊರ ಎತ್ತಿಕೊಂಡು ಒಂದು ಕಟ್ಟೆಗೆ ಸೇರುತ್ತಾರೆ. ಸೊಸೆಯ ಮೇಲಿನ ಸಿಟ್ಟು, ಮೊಣಕಾಲ ನೋವು ಎಲ್ಲ ಅಲ್ಲೇ ಹೊರಬೀಳುತ್ತದೆ. ಈಗ ಇವಳು ಹೋದರೆ ಮಾತು ನಿಲ್ಲುತ್ತದಂತೆ. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಎಂದು ಯಾರೋ ಇವಳಿಗೆ ಕೇಳುವಂತೆಯೇ ಅಂದರಂತೆ.

"ಪಗಾರ ಕೊಡಿಸಿದಿ ಬೇ, ಖರೆ. ಕುಂದ್ರೂ ಜಾಗಾ ಕಳದಿ," ಎಂದಳು.

ಒಬ್ಬಳ ಬಾಯಿಗೆ ಸಕ್ಕರೆ ಹಾಕಿ ಇಡೀ ಓಣಿಯ ಬಾಯಿ ಮುಚ್ಚಿಸುವ ಜಾಣತನ ನೋಡಿ ಸಿಟ್ಟು ನೆತ್ತಿಗೇರಿತು. ವಾರವಿಡೀ ಕಾಲು ಸುಟ್ಟ ಬೆಕ್ಕಿನಂತೆ ತಿರುಗಿದೆ. ಮುಂದಿನ ನೇರ ಪ್ರಸಾರಕ್ಕೆ ಆ ಸಾಹೇಬರನ್ನೇ ಫೋನಿಗೆ ಕರೆದೆ. ದೊಡ್ಡವ್ವನನ್ನು ಕರೆದಿರಲಿಲ್ಲ, ಕರೆಯಲು ನನಗೆ ಮುಖವೆಲ್ಲಿತ್ತು? ಅವಳೇ ಬಸ್ಸು ಹಿಡಿದು ಬಂದು ಮೈಕಿನ ಮುಂದೆ ಕೂತುಬಿಟ್ಟಳು. ಇನ್ನೂ ಯಾರದಾದರೂ ಬಾಕಿಯಿದ್ದರೆ ಹೆಸರು ಹೇಳಿ, ನಾಳೆಯೇ ಮಾಡಿಸುತ್ತೇನೆ ಎಂದರು ಸಾಹೇಬರು, ಬಹಳ ಮೃದುವಾಗಿ.

"ಒಬ್ಬಾಕಿ ಹೆಸರ ಹೇಳೂದಿಲ್ರೀ ಸಾಹೇಬ್ರ," ಎಂದಳು ದೊಡ್ಡವ್ವ. "ನಂದು ಆಗೇತಿ, ಅದಕ್ಕ ಬಂದೀನಿ. ಓಣ್ಯಾಗ ಎಲ್ಲಾರ್ದೂ ಆಗೂತನಕ ನನ್ನ ಪಗಾರ ನೀವ ಇಟ್ಕೋರ್ರಿ. ನನಗ ಕಟ್ಟಿ ಮ್ಯಾಲ ಕುಂದ್ರೂದೈತಿ."

ಗಾಜಿನಾಚೆಯಿಂದ ಮುಖ್ಯಸ್ಥರು ಹಾಡು ಹಾಕು, ಹಾಡು ಹಾಕು ಎಂದು ಕೈ ಬೀಸುತ್ತಿದ್ದರು. ನಾನು ಹಾಕಲಿಲ್ಲ. ಕೊನೆಗೆ ಮೇಲಿನವರಿಗೆ ಬರೆಯುತ್ತೇನೆ ಎಂದರು ಸಾಹೇಬರು. ಇನ್ನೂ ಬರೆಯುತ್ತಲೇ ಇದ್ದಾರೆ.

ಕಟ್ಟೆಯ ಮೇಲೆ ಹೆಂಗಸರು ಸರಿದು ದೊಡ್ಡವ್ವನಿಗೆ ಜಾಗ ಕೊಟ್ಟರು. ಪಗಾರ ನೀವೇ ಇಟ್ಟುಕೊಳ್ಳಿ ಎಂಬ ಮಾತನ್ನು ಅವಳು ಸುಮ್ಮನೆ ಆಡಿರಬೇಕೆಂದು ನಾನು ತಿಳಿದಿದ್ದೆ. ಪಗಾರದ ದಿನ ಬಂದು ಹೋಗುತ್ತದೆ, ನಾನು ಬೈದು ನೋಡುತ್ತೇನೆ, ಅತ್ತು ನೋಡುತ್ತೇನೆ. ಅವಳು ಮೊರದಲ್ಲಿನ ಎಲೆ ಕತ್ತರಿಸುತ್ತ ಕೂರುತ್ತಾಳೆ, ಪಗಾರ ತರಲು ಹೋಗುವುದಿಲ್ಲ.